ಮುಚ್ಚುವದೂ ಕಾಯುವದೂ

ಕೂಸಿಗೆ ದೃಷ್ಟಿ ತಾಗೀತೆಂದು ಗಲ್ಲಕ್ಕೆ ಕಾಡಿಗೆಯ ಬೊಟ್ಟಿಡದ ತಾಯಿಯು ಕನ್ನಡ ನಾಡಿನಲ್ಲಿ ವಿರಳ. ಕೃಷ್ಣೆಯ ದಂಡೆಗೆ ಹತ್ತಿದ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಸೀಮೆಯ ಹಳ್ಳಿಗಳಲ್ಲಿ ಮಗುವು ನಡೆಯಲು ಕಲಿತ ಕೂಡಲೆ ಅದಕ್ಕೆ ಹೊಳೆಯ ಭಯವನ್ನು ಕಲಿಸುವರು. ಯಾವ ಮಡುವಿನಲ್ಲಿ ಸುಳಿ ಇದೆ, ಯಾವ ದಿಬ್ಬದ ಮೇಲೆ ಮೊಸಳೆಯು ಬಿಸಿಲು ಕಾಯಿಸುತ್ತ ಬಿದ್ದಿರುತ್ತದೆ ಎಂಬುದನ್ನು ಹೆಸರುಗೊಂಡು, ಬೆರಳು ಮಾಡಿ ತೋರಿಸಿ ಹೇಳುವರು. ಹಾವು, ಚೇಳು, ಕಟ್ಟೆಯಿಲ್ಲದ ಬಾವಿ, ಕಬ್ಬು ಹೇರಿದ ಗಾಡಿಯ ಗಾಲಿ, ಇವೆಲ್ಲವುಗಳ ಎಚ್ಚರಿಕೆಯೂ ಮಕ್ಕಳಿಗೆ ಅನ್ನದೊಡನೆಯೇ ದೊರೆಯುವದು. ಇಷ್ಟೆಲ್ಲ ಜಾಗರೂಕರಾದ ಹಿರಿಯರು ಒಂದೇ ಒಂದು ಅಪಾಯದ ವಿಷಯದಲ್ಲಿ ಮಾತ್ರ ಮೂಕರಾಗುವರು. ಬೆಳೆದ ಮನುಷ್ಯನು ಮಗುವಿನ ಮೈಮೇಲೆ ಎಸಗುವ ಲೈಂಗಿಕ ದೌರ್ಜನ್ಯವೇ ಆ ಅಪಾಯವು. ಮೊಸಳೆಯ ಹೆಸರನ್ನು ಹೇಳುವ ಬಾಯಿ ಇದರ ಹೆಸರನ್ನು ಹೇಳಲೊಲ್ಲದು.

ಈ ಮೌನವು ಕೇಡಿನ ಬುದ್ಧಿಯಿಂದ ಹುಟ್ಟಿದ್ದಲ್ಲ. ಹೇಳಿದರೆ ಮಗುವಿನ ಮನಸ್ಸು ಕೆಟ್ಟೀತು, ಮನೆತನದ ಮಾನ ಹೋದೀತು, ಹೆಣ್ಣುಮಗುವಾದರೆ ನಾಳೆ ಲಗ್ನಕ್ಕೆ ಅಡ್ಡಿ ಬಂದೀತು ಎಂಬ ಅಂಜಿಕೆಯೇ ಇದರ ಮೂಲ. ಮುಚ್ಚಿದರೆ ಕಾಯ್ದಂತಾಯಿತು ಎಂದು ಹಿರಿಯರು ಭಾವಿಸುವರು. ಸಂಸ್ಕೃತದಲ್ಲಿ ‘ಗುಪ್’ ಎಂಬ ಧಾತುವಿಗೆ ಕಾಯುವದು ಎಂಬುದು ಮೊದಲಿನ ಅರ್ಥ. ಅದರಿಂದ ಹುಟ್ಟಿದ ‘ಗುಪ್ತ’ ಎಂಬ ಶಬ್ದಕ್ಕೆ ರಕ್ಷಿಸಲ್ಪಟ್ಟದ್ದು ಎಂಬ ಅರ್ಥವೂ ಉಂಟು, ಮುಚ್ಚಿಡಲ್ಪಟ್ಟದ್ದು ಎಂಬ ಅರ್ಥವೂ ಉಂಟು. ಹೊನ್ನಿನ ವಿಷಯದಲ್ಲಿ ಈ ಎರಡರ್ಥಗಳು ಕೂಡಿಯೇ ನಡೆಯಬಹುದು. ಮುಚ್ಚಿಟ್ಟ ಹೊನ್ನು ಕಾಯ್ದ ಹೊನ್ನೇ ಸರಿ. ಆದರೆ ಮಗುವಿನ ನೋವನ್ನು ಮುಚ್ಚಿಟ್ಟರೆ ಮಗುವನ್ನು ಕಾಯ್ದಂತೆ ಆಗುವದಿಲ್ಲ. ನೋಯಿಸಿದವನನ್ನು ಕಾಯ್ದಂತೆ ಆಗುವದು. ಈ ಎರಡು ಅರ್ಥಗಳನ್ನು ಬೇರ್ಪಡಿಸಿ ತಿಳಿಯುವದೇ ಈ ವಿಷಯದಲ್ಲಿ ಲೋಕಶಿಕ್ಷಣದ ಮೊದಲನೆಯ ಪಾಠವು.

ಈ ಪಾಠವು ಬೆಳಗಾವಿ ಜಿಲ್ಲೆಯ ಈ ಉತ್ತರ ಭಾಗಕ್ಕೆ ಹೊಸದೇನಲ್ಲ. ಬೇರೆ ಕಡೆಗಳಲ್ಲಿ ಕತ್ತಲೆಯಲ್ಲಿ ನಡೆಯುವ ದೌರ್ಜನ್ಯವೊಂದು ಇಲ್ಲಿ ಬಹುಕಾಲ ಹಾಡಹಗಲೇ, ಚೌಡಿಕೆಯ ನಾದದೊಡನೆ, ಭಂಡಾರದ ಬಣ್ಣದೊಡನೆ ನಡೆಯುತ್ತಿತ್ತು. ಅದೇ ‘ಮುತ್ತು ಕಟ್ಟುವ’ ಪದ್ಧತಿಯು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಅಥಣಿ ತಾಲೂಕಿನ ಕೊಕಟನೂರಿನ ಎಲ್ಲಮ್ಮನ ಸನ್ನಿಧಿಯಲ್ಲಿ, ಜಾತ್ರೆಯ ಹುಣ್ಣಿಮೆಗಳಂದು ಎಳೆಯ ಹುಡುಗಿಯರ ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರವನ್ನು ಕಟ್ಟಿ ಅವರನ್ನು ದೇವಿಗೆ ಬಿಟ್ಟವರೆಂದು ಸಾರುತ್ತಿದ್ದರು. ಮುತ್ತು ಕಟ್ಟಿಸಿಕೊಂಡವಳಿಗೆ ಬೇರೆ ಲಗ್ನವಿಲ್ಲ. ಅವಳು ಮೈನೆರೆದ ಮೇಲೆ ಊರಿನ ಉಳ್ಳವರಲ್ಲಿ ಒಬ್ಬನು ಹಣ ಕೊಟ್ಟು, ಸೀರೆ ಕೊಟ್ಟು ಅವಳನ್ನು ಇರಿಸಿಕೊಳ್ಳುವನು. ಅವನು ಕೈಬಿಟ್ಟರೆ ಮತ್ತೊಬ್ಬನು. ಹಲವರ ಬಾಳು ಅಲ್ಲಿಂದ ಸಾಂಗಲಿ, ಪುಣೆ, ಮುಂಬಯಿಗಳ ಓಣಿಗಳಿಗೆ ಹೋಗಿ ಮುಟ್ಟುತ್ತಿತ್ತು. ಹನ್ನೆರಡು ಹದಿಮೂರು ವರ್ಷದ ಮಗುವಿಗೆ ಇದು ಏನೆಂದು ತಿಳಿಯುವದಾದರೂ ಹೇಗೆ? ಹೊಸ ಸೀರೆ, ಹಸಿರು ಬಳೆ, ಹೋಳಿಗೆಯ ಊಟ ಇಷ್ಟೇ ಅದರ ನೆನಪಿನಲ್ಲಿ ಉಳಿಯುತ್ತಿದ್ದವು. ಮುಂದಿನದನ್ನು ಅದು ಯಾರಿಗೆ ಹೇಳಬೇಕು? ಹೇಳಿದರೂ ಅದಕ್ಕೆ ಬರುವ ಉತ್ತರವೊಂದೇ: ‘ಇದು ತಾಯಿಯ ಸೇವೆ, ಸುಮ್ಮನಿರು.’

ಎಲ್ಲಮ್ಮನಲ್ಲಿ ಭಕ್ತಿಯಿಡುವದು ಬೇರೆ. ಅವಳ ಹೆಸರಿನಲ್ಲಿ ನಡೆದ ಈ ವ್ಯವಹಾರವು ಬೇರೆ. ಮಗಳನ್ನು ಬಿಡುವದಕ್ಕೆ ಕಾರಣಗಳು ಹಲವು. ಗಂಡು ಸಂತಾನವಿಲ್ಲದ ಮನೆಯಲ್ಲಿ ಮುಪ್ಪಿನ ತಂದೆತಾಯಿಗಳನ್ನು ಸಲಹುವದಕ್ಕೆ ಮಗಳೊಬ್ಬಳು ತೌರಿನಲ್ಲಿಯೇ ಉಳಿಯಬೇಕೆಂಬುದೊಂದು. ರೋಗರುಜಿನ ಬಂದಾಗ ಹೊತ್ತ ಹರಕೆಯೊಂದು. ಎಣ್ಣೆ-ನೀರು ಕಾಣದೆ ಕೂದಲು ಗಂಟುಗಟ್ಟಿದರೆ ‘ಜಡೆ ಬಂದಿತು, ದೇವಿಯು ಕರೆದಳು’ ಎಂಬ ನಂಬಿಕೆಯೊಂದು. ಆದರೆ ಈ ಎಲ್ಲ ಕಾರಣಗಳ ಬುಡದಲ್ಲಿ ಇದ್ದದ್ದು ಬಡತನವೂ ಜಾತಿಯ ಕೀಳ್ಮೇಲೂ. ಮುತ್ತು ಕಟ್ಟಿಸಿಕೊಂಡವರು ಬಹುತೇಕ ದಲಿತ ಮನೆಗಳ ಹುಡುಗಿಯರು. ಅದರ ಲಾಭವನ್ನುಂಡವರು ಹೊಲ-ಮನೆಯುಳ್ಳವರು. ತನ್ನ ಮಗಳಿಗೆ ವರನನ್ನು ಹುಡುಕುವದಕ್ಕೆ ಏಳು ಊರು ತಿರುಗುವ ಗೌಡನು ಪಕ್ಕದ ಕೇರಿಯ ಅದೇ ವಯಸ್ಸಿನ ಮಗುವಿನ ವಿಷಯದಲ್ಲಿ ಪದ್ಧತಿಯ ಮಾತನ್ನು ಆಡುತ್ತಿದ್ದನು. ದೌರ್ಜನ್ಯಕ್ಕೆ ಪವಿತ್ರವಾದ ಹೆಸರೊಂದು ದೊರೆತರೆ ಇಡಿಯ ಊರೇ ಅದರ ಸಾಕ್ಷಿಯಾಗಿ ನಿಂತೂ ಏನನ್ನೂ ಕಾಣದಂತೆ ಇರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇದನ್ನು ತಡೆಯುವದಕ್ಕೆ ಕಾನೂನುಗಳಿಗೆ ಕೊರತೆ ಇರಲಿಲ್ಲ. 1909ರಲ್ಲಿ ಮೈಸೂರು ಸರಕಾರವು ತನ್ನ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. 1920ರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. ರಾಯಬಾಗವು ಆಗ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿದ್ದಿತು. 1934ರಲ್ಲಿ ಮುಂಬಯಿ ಪ್ರಾಂತದ ದೇವದಾಸಿ ಸಂರಕ್ಷಣ ಕಾಯಿದೆಯು ಬಂದಿತು. ಬೆಳಗಾವಿ ಜಿಲ್ಲೆಯು ಆ ಪ್ರಾಂತದಲ್ಲಿದ್ದುದರಿಂದ ಚಿಕ್ಕೋಡಿ, ಅಥಣಿಗಳಿಗೂ ಅದು ಅನ್ವಯಿಸಿತು. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮೀ ರೆಡ್ಡಿಯವರ ದೀರ್ಘ ಪ್ರಯತ್ನದ ಫಲವಾಗಿ 1947ರಲ್ಲಿ ಕಾಯಿದೆಯಾಯಿತು. ಏಕೀಕರಣದ ತರುವಾಯ ಕರ್ನಾಟಕ ವಿಧಾನಮಂಡಲವು 1982ರಲ್ಲಿ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಯನ್ನು ಮಾಡಿತು. ಅದು 1984ರಲ್ಲಿ ಜಾರಿಗೆ ಬಂದಿತು. ಮುತ್ತು ಕಟ್ಟಿಸಿದವರು ತಂದೆತಾಯಿಗಳೇ ಆಗಿದ್ದರೆ ಅವರಿಗೆ ಹೆಚ್ಚಿನ ಶಿಕ್ಷೆಯನ್ನು ಅದು ವಿಧಿಸಿತು. ಇಷ್ಟಾದಾಗ್ಯೂ 1993-94ರಲ್ಲಿ ರಾಜ್ಯದಲ್ಲಿ ಎಣಿಕೆ ಮಾಡಿದಾಗ 22,873 ಜನ ದೇವದಾಸಿಯರು ಕಂಡುಬಂದರು. 2007-08ರ ಎರಡನೆಯ ಎಣಿಕೆಯಲ್ಲಿ ಮತ್ತೆ 23,787 ಜನರ ಹೆಸರುಗಳು ಸೇರಿದವು. ಕಾನೂನಿನ ಪುಸ್ತಕವು ಬೆಂಗಳೂರಿನಲ್ಲಿತ್ತು; ಮುತ್ತು ಕಟ್ಟುವ ಜೋಗತಿಯು ಊರಲ್ಲಿದ್ದಳು. ನಿಷೇಧದಿಂದ ಆದ ಪರಿಣಾಮವೆಂದರೆ, ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದುದು ಕೆಲವು ಕಾಲ ಮನೆಯ ಒಳಕೋಣೆಗೆ ಸರಿಯಿತು.

ಹಾಗಾದರೆ ಈ ಪದ್ಧತಿಯ ಬೆನ್ನೆಲುಬನ್ನು ಮುರಿದವರು ಯಾರು? ಮೊದಲಿಗೆ 1970-80ರ ದಶಕಗಳಲ್ಲಿ ಗಡಹಿಂಗ್ಲಜ, ನಿಪ್ಪಾಣಿಗಳ ಸುತ್ತಿನಲ್ಲಿ ಸಮಾಜಕಾರ್ಯಕರ್ತರು ದೇವದಾಸಿಯರನ್ನು ಒಟ್ಟುಗೂಡಿಸಿ ಅವರ ಬಾಯಿಂದಲೇ ಅವರ ಕಷ್ಟವನ್ನು ಹೇಳಿಸಿದರು. ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರು ಸಂಘ ಕಟ್ಟಿಕೊಂಡಿದ್ದ ನಿಪ್ಪಾಣಿಯಲ್ಲಿ ಇಂಥ ಮಾತಿಗೆ ಕಿವಿಗಳು ದೊರೆತವು. ತರುವಾಯ 1997ರಲ್ಲಿ ಘಟಪ್ರಭೆಯಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣ ಸಂಸ್ಥೆ’ಯು ಸ್ಥಾಪಿತವಾಯಿತು. ಜನರು ಅದನ್ನು ಸಂಕ್ಷೇಪವಾಗಿ ‘ಮಾಸ್’ ಎಂದು ಕರೆಯುವರು. ಇದರ ವಿಶೇಷವೇನೆಂದರೆ, ಇದನ್ನು ನಡೆಯಿಸಿದವರು ಹಿಂದೆ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ. ಇದರ ಮುಂದಾಳುಗಳಾದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಏಳು ವರ್ಷದ ಮಗುವಾಗಿದ್ದಾಗಲೇ ದೇವಿಗೆ ಬಿಡಲ್ಪಟ್ಟವರು. 2018ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಆ ಹೆಂಗಸರ ಉಪಾಯಗಳನ್ನು ಶಿಕ್ಷಣದಲ್ಲಿ ಆಸಕ್ತಿಯುಳ್ಳವರು ಲಕ್ಷ್ಯಗೊಟ್ಟು ನೋಡತಕ್ಕವು. ಅವರು ದೊಡ್ಡ ಭಾಷಣಗಳನ್ನು ಮಾಡಲಿಲ್ಲ. ಮುತ್ತು ಕಟ್ಟುವ ಸುದ್ದಿ ಬಂದ ಮನೆಯ ಬಾಗಿಲಿಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ‘ಅವ್ವಾ, ನನಗೂ ಕಟ್ಟಿದ್ದರು, ನನ್ನ ಬಾಳು ಏನಾತು ನೋಡು’ ಎಂದು ತಾಯಿಗೆ ಹೇಳಿದರು. ಜಡೆಯ ಭಯವಿದ್ದವರಿಗೆ ಕೂದಲನ್ನು ತೊಳೆದು, ಬಿಡಿಸಿ, ಬಾಚಿ ತೋರಿಸಿದರು. ಬಿಡಿಸಲು ಬಾರದ್ದನ್ನು ಕತ್ತರಿಸಿದರು. ದೇವಿಯು ಮುನಿಯಲಿಲ್ಲವೆಂಬುದನ್ನು ಊರವರು ತಮ್ಮ ಕಣ್ಣುಗಳಿಂದಲೇ ಕಂಡರು. ಜಾತ್ರೆಗಳಲ್ಲಿ ನಿಂತು ಕಾವಲು ಕಾಯ್ದರು. ಮಾತಿಗೆ ಬಗ್ಗದವರ ವಿಷಯವನ್ನು ಪೋಲೀಸರಿಗೆ ತಿಳಿಸಿದರು. ಹುಡುಗಿಯರನ್ನು ಸಾಲೆಗೆ ಸೇರಿಸಿದರು. ತಾಯಂದಿರಿಗೆ ಎಮ್ಮೆ, ಆಡು, ಹೊಲಿಗೆಯಂತ್ರ ಮೊದಲಾದ ಜೀವನದ ದಾರಿಗಳನ್ನು ತೋರಿಸಿದರು. ವಕೀಲರ ಭಾಷೆಯಲ್ಲಿ ಹೇಳಿದ್ದರೆ ಯಾರ ಕಿವಿಗೂ ಬೀಳದಿದ್ದ ಕಾನೂನು ಪಕ್ಕದ ಕೇರಿಯ ಹೆಂಗಸಿನ ಬಾಯಲ್ಲಿ ತಿಳಿಯಾದ ಕನ್ನಡವಾಯಿತು. ಕಾನೂನು ಬೇಡವೆಂದಲ್ಲ, ಕಾನೂನಿಗೆ ಊರಿನಲ್ಲಿ ನಾಲಗೆಯೊಂದು ಬೇಕಾಗಿತ್ತು, ಅದನ್ನು ಇವರು ಕೊಟ್ಟರು.

ಈ ಇತಿಹಾಸದಿಂದ ಮೂರು ಮಾತುಗಳು ನಿಷ್ಪನ್ನವಾಗುವವು. ಕೇಡಿಗೆ ಅದರ ನಿಜವಾದ ಹೆಸರನ್ನು ಕೊಡಬೇಕು. ನೊಂದವರ ಮಾತನ್ನು ಊರು ನಂಬಬೇಕು. ಮಕ್ಕಳಿಗೆ ಕಲಿಸುವದಕ್ಕಿಂತ ಮೊದಲು ಹಿರಿಯರಿಗೆ ಕಲಿಸಬೇಕು. ಮುತ್ತು ಕಟ್ಟುವದು ಕ್ಷೀಣಿಸಿದರೂ ಈ ಮೂರು ಮಾತುಗಳ ಅವಶ್ಯಕತೆಯು ಕ್ಷೀಣಿಸಿಲ್ಲ. ಏಕೆಂದರೆ ಮಕ್ಕಳ ಮೇಲಿನ ದೌರ್ಜನ್ಯವು ಒಂದು ಪದ್ಧತಿಗೆ, ಒಂದು ಜಾತಿಗೆ, ಒಂದು ಸೀಮೆಗೆ ಕಟ್ಟುಬಿದ್ದದ್ದಲ್ಲ. 2007ರಲ್ಲಿ ಭಾರತ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ ವರದಿಯೊಂದನ್ನು ಪ್ರಕಟಿಸಿತು. ಅದರಲ್ಲಿ 100ಕ್ಕೆ 53ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದುದಾಗಿ ಹೇಳಿದರು. ಎಸಗಿದವರಲ್ಲಿ ಅರ್ಧದಷ್ಟು ಜನರು ಮಗುವಿಗೆ ಪರಿಚಿತರು, ಅದರ ವಿಶ್ವಾಸಕ್ಕೆ ಪಾತ್ರರಾದವರು. ಮಕ್ಕಳಲ್ಲಿ ಬಹುಜನರು ಅದನ್ನು ಯಾರ ಮುಂದೂ ಹೇಳಿರಲಿಲ್ಲ.

ಪರಿಚಿತರು ಎಂಬ ಮಾತನ್ನು ನಿಲ್ಲಿಸಿ ವಿಚಾರಿಸತಕ್ಕದ್ದು. ಈ ಸೀಮೆಯ ಮಗುವಿಗೆ ಅಪರಿಚಿತರೇ ಕಡಿಮೆ. ಓಣಿಯ ಗಂಡಸರೆಲ್ಲರೂ ಕಾಕಾ, ಮಾಮಾ, ಅಣ್ಣ, ಅಜ್ಜ. ಈ ಬಳಕೆಯು ಕನ್ನಡ ಸಂಸಾರದ ಸೊಗಸು. ಅದನ್ನು ಕಳೆದುಕೊಳ್ಳುವ ಕಾರಣವಿಲ್ಲ. ಆದರೆ ಗುರುತಿಲ್ಲದವನು ಕೊಟ್ಟ ಮಿಠಾಯಿಯನ್ನು ತಿನ್ನಬೇಡವೆಂದು ಮಾತ್ರ ಮಗುವಿಗೆ ಹೇಳಿದರೆ ಅರ್ಧ ಪಾಠವನ್ನೂ ಹೇಳಿದಂತೆ ಆಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವದೆಂಬ ಗಾದೆಯು ಒಕ್ಕಲುಮಕ್ಕಳಿಗೆ ಗೊತ್ತಿದ್ದದ್ದೇ. ಯಾವ ಸಂಬಂಧದ ಹೆಸರೂ ಯಾವ ಪದವಿಯೂ ಮಗುವಿನ ಮೈಯನ್ನು ಮುಟ್ಟುವ ಅಧಿಕಾರವನ್ನು ಕೊಡುವದಿಲ್ಲವೆಂಬುದನ್ನು ಬೆದರಿಸದೆ, ಸಹಜವಾಗಿ, ಸ್ನಾನ ಮಾಡಿಸುವಾಗ ಅಂಗಿ ತೊಡಿಸುವಾಗ ತಾಯಿಯು ಹೇಳಬಹುದು. ಇದಕ್ಕೆ ವಿಶೇಷ ಪಾಂಡಿತ್ಯವು ಬೇಕಿಲ್ಲ.

ಇಲ್ಲಿ ಮೊದಲಿನ ತೊಡಕು ಶಬ್ದಗಳದು. ಮಗುವಿಗೆ ಕಣ್ಣು, ಮೂಗು, ಮೊಳಕಾಲು ಎಲ್ಲವುಗಳ ಹೆಸರನ್ನು ಕಲಿಸುವರು. ಗುಹ್ಯಾಂಗಗಳ ಹೆಸರನ್ನು ಮಾತ್ರ ಕಲಿಸುವದಿಲ್ಲ. ಆಗ ಅದು ಅವುಗಳನ್ನು ಓಣಿಯ ಬೈಗಳಿಂದ ಕಲಿಯುವದು. ತನ್ನ ಮೈಯ ಒಂದು ಭಾಗಕ್ಕೆ ಬೈಗಳ ಹೊರತು ಬೇರೆ ಹೆಸರನ್ನೇ ಅರಿಯದ ಮಗುವು, ಅಲ್ಲಿ ನೋವಾದರೆ ಯಾವ ಮಾತಿನಿಂದ ಹೇಳೀತು? ಹೇಳಹೋದರೆ ಕೆಟ್ಟ ಮಾತಾಡಿತೆಂದು ಬೆನ್ನಿಗೆ ಗುದ್ದು ಬೀಳುವದು. ಹಿಂದಿನ ಪಾಠಶಾಲೆಗಳಲ್ಲಿ ಎಂಟು ಹತ್ತು ವರ್ಷದ ಹುಡುಗರು ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದರು. ಅದರ ಎರಡನೆಯ ಕಾಂಡದ ಮನುಷ್ಯವರ್ಗದಲ್ಲಿ ದೇಹದ ಅವಯವಗಳೆಲ್ಲದರ ಹೆಸರುಗಳೂ ಇವೆ. ಮುಚ್ಚತಕ್ಕ ಅವಯವಗಳ ಹೆಸರುಗಳೂ ಅದೇ ಸಾಲಿನಲ್ಲಿ ಬರುವವು. ಗುರುಗಳು ಅಲ್ಲಿ ನಾಚಿ ಪುಟವನ್ನು ಹಾರಿಸುತ್ತಿದ್ದಿಲ್ಲ, ಹುಡುಗರೂ ಕೆಡಲಿಲ್ಲ. ಶಬ್ದವು ಶುದ್ಧವಾಗಿದ್ದಲ್ಲಿ ವಿಷಯವೂ ಶುದ್ಧವಾಗಿಯೇ ಮನಸ್ಸಿಗೆ ಇಳಿಯುವದು. ಆದುದರಿಂದ ಮನೆಯಲ್ಲಿಯೂ ಸಾಲೆಯಲ್ಲಿಯೂ ಮಕ್ಕಳಿಗೆ ತಮ್ಮ ಮೈಯ ಹೆಸರುಗಳನ್ನು ಮರ್ಯಾದೆಯ ಶಬ್ದಗಳಲ್ಲಿ ಕಲಿಸುವದು ರಕ್ಷಣೆಯ ಮೊದಲ ಮೆಟ್ಟಿಲು.

ಈ ಗಡಿಸೀಮೆಯಲ್ಲಿ ಭಾಷೆಯ ಸಂಗತಿಯು ಇನ್ನೂ ಒಂದುಂಟು. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡಗಳ ಎಷ್ಟೋ ಮನೆಗಳಲ್ಲಿ ಮಾತು ಮರಾಠಿ, ಪೇಟೆಯಲ್ಲಿ ಕನ್ನಡ. ಕೆಲವು ಮಕ್ಕಳು ಕನ್ನಡ ಸಾಲೆಗೆ, ಕೆಲವರು ಮರಾಠಿ ಸಾಲೆಗೆ, ಕೆಲವರು ಉರ್ದು ಸಾಲೆಗೆ ಹೋಗುವರು. ಭಾಷೆಯ ವಾದಗಳು ಏನೇ ಇರಲಿ, ಹೆದರಿದ ಮಗುವು ಅಳುವದು ತಾಯಿಯ ಮಾತಿನಲ್ಲಿಯೇ. ಅದಕ್ಕೆ ಈ ಪಾಠವು ಆ ಮಾತಿನಲ್ಲಿಯೇ ದೊರೆಯಬೇಕು. ಅದರ ದೂರನ್ನು ಕೇಳುವವರಿಗೂ ಆ ಮಾತು ತಿಳಿದಿರಬೇಕು.

ಎರಡನೆಯ ತೊಡಕು ವಿನಯದ್ದು. ಹಿರಿಯರು ಹೇಳಿದಂತೆ ಕೇಳುವ ಮಗುವೇ ಒಳ್ಳೆಯ ಮಗುವೆಂದು ಎಲ್ಲರೂ ಹೇಳುವರು. ವಿನಯವು ವಿದ್ಯೆಯ ಭೂಷಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಲ್ಲೆನೆನ್ನಲು ಬಾರದ ವಿನಯವು ವಿನಯವಲ್ಲ, ಅಸಹಾಯತೆ. ಒಲ್ಲದ ಮಗುವನ್ನು ಬಂದ ಬೀಗರ ತೊಡೆಯ ಮೇಲೆ ಬಲಾತ್ಕಾರವಾಗಿ ಕೂಡಿಸಿ ಮುದ್ದು ಕೊಡಿಸುವಾಗ, ನಿನ್ನ ಮೈ ನಿನ್ನದಲ್ಲ ಎಂಬ ಪಾಠವನ್ನು ಮನೆಯವರೇ ಹೇಳಿಕೊಟ್ಟಂತಾಗುವದು. ಕೈಮುಗಿದು ನಮಸ್ಕಾರ ಮಾಡಿದರೆ ಸಾಕು; ಮರ್ಯಾದೆಗೆ ಅದರಿಂದ ಊನ ಬರುವದಿಲ್ಲ. ಗುಟ್ಟಿನ ವಿಷಯವೂ ಹಾಗೆಯೇ. ‘ಯಾರ ಮುಂದೂ ಹೇಳಬೇಡ’ ಎಂಬುದೇ ದುಷ್ಟನ ಮೊದಲನೆಯ ಬೇಡಿಕೆ. ಮೈ ಮುಟ್ಟುವ ಗುಟ್ಟು ಎಂದಿಗೂ ಗುಟ್ಟಲ್ಲ, ಅದನ್ನು ಹೇಳಿದರೆ ನಿನ್ನನ್ನು ಯಾರೂ ಬೈಯುವದಿಲ್ಲ, ಎಂಬ ಎರಡೇ ವಾಕ್ಯಗಳನ್ನು ಮಗುವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರೆ ಆ ಬೇಡಿಕೆಯ ಬಲವು ಕುಗ್ಗುವದು.

ಮೂರನೆಯದು ಗಂಡುಮಕ್ಕಳ ವಿಷಯದ ಅಲಕ್ಷ್ಯ. ‘ಗಂಡು ಹುಡುಗ, ಅವನಿಗೇನಾದೀತು’ ಎಂದು ಅನ್ನುವವರೇ ಬಹಳ. ಮೇಲೆ ಹೇಳಿದ ವರದಿಯಲ್ಲಿ ದೌರ್ಜನ್ಯಕ್ಕೆ ಗುರಿಯಾದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರು ಗಂಡುಮಕ್ಕಳೇ ಆಗಿದ್ದರು. ಹೊಲದ ಗುಡಿಸಲಲ್ಲಿ, ವಸತಿಗೃಹದಲ್ಲಿ, ತಾಲೀಮಿನ ಮನೆಯಲ್ಲಿ ನೊಂದ ಹುಡುಗನು ಅಳುವದಕ್ಕೂ ನಾಚುವನು. ಗಂಡಸು ಅಳಬಾರದೆಂದು ಅವನಿಗೆ ಮೊದಲೇ ಕಲಿಸಿರುವರು.

ಇವುಗಳಿಗೆ ಕೂಡಿಕೊಂಡು ಈ ಸೀಮೆಯ ದುಡಿಮೆಯ ರೀತಿಯನ್ನೂ ನೋಡಬೇಕು. ಸಕ್ಕರೆ ಕಾರಖಾನೆಗಳ ಹಂಗಾಮಿನಲ್ಲಿ ಕಬ್ಬು ಕಡಿಯುವ ಟೋಳಿಗಳು ದೂರದ ಊರುಗಳಿಂದ ಬಂದು ಹೊಲಗಳ ಬದಿಗೆ ಗುಡಿಸಲು ಹಾಕುವವು. ಬೆಳಗಿನ ಜಾವಕ್ಕೆ ತಂದೆತಾಯಿಗಳಿಬ್ಬರೂ ಫಡಕ್ಕೆ ಹೋದರೆ ಎಂಟು ವರ್ಷದ ಅಕ್ಕನೇ ಎರಡು ವರ್ಷದ ತಮ್ಮನಿಗೆ ತಾಯಿ. ನಿಪ್ಪಾಣಿಯ ಸುತ್ತಿನಲ್ಲಿ ಬೀಡಿ ಸುತ್ತುವ, ತಂಬಾಕು ಹಸನು ಮಾಡುವ ತಾಯಂದಿರಿಗೆ ಹೊತ್ತು ಮುಳುಗುವವರೆಗೂ ತಲೆಯೆತ್ತಲು ಆಗುವದಿಲ್ಲ. ಕಾವಲಿಲ್ಲದ ಮಕ್ಕಳೇ ದುಷ್ಟರ ಕಣ್ಣಿಗೆ ಮೊದಲು ಬೀಳುವರು. ಅಂಗನವಾಡಿಯ ಬಾಗಿಲು ಆ ಗುಡಿಸಲುಗಳ ಮಕ್ಕಳಿಗೂ ತೆರೆದಿರುವಂತೆ, ಸಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳೂ ಇರುವಂತೆ ಊರು ನೋಡಿಕೊಂಡರೆ ಅದೇ ದೊಡ್ಡ ರಕ್ಷಣೆಯು. ಪರವೂರಿನ ಕೂಲಿಕಾರನ ಮಗುವು ಊರಿನ ಮಗುವಲ್ಲವೆಂದು ತಿಳಿಯುವವರು ಹಿಂದೆ ಕೇರಿಯ ಮಗುವನ್ನು ಪರರದೆಂದು ತಿಳಿದವರಿಗಿಂತ ಭಿನ್ನರಲ್ಲ.

ಇನ್ನು ಮಗುವು ಬಾಯಿಬಿಟ್ಟು ಹೇಳಿದಾಗ ಏನು ಮಾಡತಕ್ಕದ್ದು? ನಂಬತಕ್ಕದ್ದು. ‘ನೀನು ಅಲ್ಲಿಗೆ ಯಾಕೆ ಹೋಗಿದ್ದಿ’ ಎಂದು ಕೇಳಕೂಡದು. ‘ಹೇಳಿದ್ದು ಚಲೋ ಆತು, ನಿನ್ನದೇನೂ ತಪ್ಪಿಲ್ಲ’ ಎಂಬ ಮಾತು ಮೊದಲು ಬರಬೇಕು. ಹತ್ತು ಜನರ ಮುಂದೆ ಹತ್ತು ಸಲ ಕೇಳಿ ಹೇಳಿಸಕೂಡದು. ಒಮ್ಮೆ ಹೇಳಿದ ನೋವನ್ನು ಮತ್ತೆ ಮತ್ತೆ ಹೇಳಿಸುವದು ಮತ್ತೊಂದು ನೋವು. ಬಳಿಕ ತಡಮಾಡದೆ ತಿಳಿಸಬೇಕಾದವರಿಗೆ ತಿಳಿಸಬೇಕು. ಮಕ್ಕಳ ಸಹಾಯಕ್ಕಾಗಿ 1098 ಎಂಬ ದೂರವಾಣಿಯು ಹಗಲಿರುಳೂ ಇದ್ದು, ಅದಕ್ಕೆ ಕರೆಮಾಡಲು ದುಡ್ಡು ಬೀಳುವದಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯು, ಅಂದರೆ ಜನರು ‘ಪೋಕ್ಸೋ’ ಎಂದು ಕರೆಯುವದು, ಆ ವರ್ಷದ ನವೆಂಬರ 14ರಿಂದ ಜಾರಿಯಲ್ಲಿದೆ. 18 ವರ್ಷದೊಳಗಿನ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಅದರ ಆಸರೆಯುಂಟು. ಮೌನವು ಸಮ್ಮತಿಯ ಲಕ್ಷಣವೆಂಬ ಲೌಕಿಕ ನ್ಯಾಯವು ಅಲ್ಲಿ ನಡೆಯುವದಿಲ್ಲ. ಮಗುವಿನ ಮೌನವಷ್ಟೇ ಅಲ್ಲ, ಸಮ್ಮತಿಯೂ ಅಲ್ಲಿ ಲೆಕ್ಕಕ್ಕೆ ಬರುವದಿಲ್ಲ. ಅಪರಾಧವು ನಡೆದದ್ದು ತಿಳಿದೂ ತಿಳಿಸದವನಿಗೆ 6 ತಿಂಗಳವರೆಗೆ ಕಾರಾಗೃಹವನ್ನು ಅದು ವಿಧಿಸಬಲ್ಲದು. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿದರೆ 1 ವರ್ಷದವರೆಗೆ. ಸದ್ಬುದ್ಧಿಯಿಂದ ತಿಳಿಸಿದವನ ಮೇಲೆ ಯಾವ ದೋಷವೂ ಬರುವದಿಲ್ಲ.

ಠಾಣೆಯ ಮೆಟ್ಟಿಲು ಹತ್ತಲು ಅಂಜುವ ತಂದೆತಾಯಿಗಳು ತಿಳಿಯಬೇಕಾದ ಸಂಗತಿಗಳು ಇದೇ ಕಾಯಿದೆಯಲ್ಲಿ ಇವೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಸ್ಥಳದಲ್ಲಿಯೋ, ಸಾಧ್ಯವಾದ ಮಟ್ಟಿಗೆ ಸ್ತ್ರೀ ಅಧಿಕಾರಿಯೇ ಬರೆದುಕೊಳ್ಳತಕ್ಕದ್ದು. ಆಗ ಅಧಿಕಾರಿಯು ಪೋಲೀಸ ಉಡುಪಿನಲ್ಲಿ ಇರಕೂಡದು. ತಂದೆತಾಯಿಗಳೋ ಮಗುವಿಗೆ ನಂಬುಗೆಯುಳ್ಳ ಬೇರೆಯವರೋ ಹತ್ತಿರ ಇರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಹೆಣ್ಣುಮಗುವನ್ನು ಸ್ತ್ರೀ ವೈದ್ಯರೇ ಪರೀಕ್ಷಿಸಬೇಕು. ನ್ಯಾಯಾಲಯದಲ್ಲಿ ಮಗುವು ಆರೋಪಿಯ ಕಣ್ಣೆದುರಿಗೆ ಬೀಳದಂತೆ ಏರ್ಪಡಿಸಬೇಕು. ಮಗುವಿನ ಹೆಸರು, ಊರು, ಸಾಲೆ, ಮನೆತನ ಇವು ಪತ್ರಿಕೆಗಳಲ್ಲಿ ಬರಕೂಡದು. ಮುಚ್ಚುವದು ಯಾವುದನ್ನು, ತೆರೆಯುವದು ಯಾವುದನ್ನು ಎಂಬ ವಿವೇಕವನ್ನು ಕಾನೂನು ಇಲ್ಲಿ ಸ್ಪಷ್ಟವಾಗಿ ತೋರಿಸಿದೆ: ಮುಚ್ಚತಕ್ಕದ್ದು ಮಗುವಿನ ಹೆಸರನ್ನು, ಮುಚ್ಚಬಾರದ್ದು ಅಪರಾಧವನ್ನು. ಊರಿನಲ್ಲಿ ನಡೆಯುವದು ಇದಕ್ಕೆ ವಿಪರೀತ. ಮಗುವಿನ ಹೆಸರು ನೀರಿನ ನಳದ ಹತ್ತಿರ ಎಲ್ಲರ ಬಾಯಲ್ಲಿಯೂ ಇರುವದು. ಮಾಡಿದವನ ಹೆಸರನ್ನು ಮಾತ್ರ ಎಲ್ಲರೂ ಕೂಡಿ ಕಾಯುವರು.

ಆ ಕಾಯುವಿಕೆಗೆ ಹಳ್ಳಿಯಲ್ಲಿ ‘ರಾಜಿ’ ಎಂದು ಹೆಸರು. ಪಂಚರು ಕೂಡುವರು, ಎರಡೂ ಮನೆತನಗಳನ್ನು ಕರೆಯಿಸುವರು, ಇಷ್ಟು ಹಣವೆಂದು ಗೊತ್ತುಮಾಡುವರು. ಹುಡುಗಿಯು ದೊಡ್ಡವಳಾಗಿದ್ದರೆ ಅದೇ ದುಷ್ಟನಿಗೇ ಲಗ್ನ ಮಾಡಿಕೊಟ್ಟು ಕೈತೊಳೆದುಕೊಳ್ಳುವದೂ ಉಂಟು. ಹೊಲದ ಬದುವಿನ ಜಗಳವನ್ನು ಪಂಚರು ಹರಿಯಿಸಲಿ. ಅದರಲ್ಲಿ ಅವರ ಹಿರಿತನವು ಶೋಭಿಸುವದು. ಮಗುವಿನ ಮೈಮೇಲಿನ ಅಪರಾಧವನ್ನು ರಾಜಿ ಮಾಡುವ ಅಧಿಕಾರವು ಪಂಚರಿಗಿಲ್ಲ, ತಂದೆತಾಯಿಗಳಿಗೂ ಇಲ್ಲ. ಎಳೆಯ ವಯಸ್ಸಿನ ಲಗ್ನವೂ ಮಾನವನ್ನು ಉಳಿಸುವ ಉಪಾಯವಲ್ಲ. 18 ತುಂಬದ ಹೆಂಡತಿಯೊಡನೆ ನಡೆಯುವ ಸಂಬಂಧವೂ ಅಪರಾಧವೇ ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ಕೊಟ್ಟಿದೆ. ಹೊಳೆ ದಾಟಿ ಮಹಾರಾಷ್ಟ್ರದ ಊರಿನಲ್ಲಿ ಅಕ್ಷತೆ ಹಾಕಿದರೂ ತೀರ್ಪು ಬದಲಾಗುವದಿಲ್ಲ.

ಸಾಲೆ, ವಸತಿಗೃಹ, ಮಠ, ಮದರಸೆ, ಆಟದ ಬಯಲು, ಖಾಸಗಿ ಪಾಠದ ಕೋಣೆ ಇವುಗಳಿಗೂ ಒಂದು ಮಾತು ಸಲ್ಲುವದು. ಅಲ್ಲಿ ಮಕ್ಕಳೊಡನೆ ಇರುವವರು ಬಹುತೇಕ ಸಜ್ಜನರೇ. ಆದರೂ ಮುಚ್ಚಿದ ಬಾಗಿಲ ಹಿಂದೆ ಒಂಟಿ ಮಗುವಿನೊಡನೆ ಯಾರೂ ಇರಕೂಡದೆಂಬ ನಿಯಮವನ್ನು ಮಾಡಿದರೆ ಅದರಿಂದ ಸಜ್ಜನನಿಗೆ ಅಪಮಾನವಿಲ್ಲ. ಖಜಾನೆಗೆ ಎರಡು ಕೀಲಿಗಳಿದ್ದರೆ ಖಜಾನಚಿಯು ಕಳ್ಳನೆಂದು ಅರ್ಥವೇ? ಸಂಸ್ಥೆಯ ಹೆಸರು ಕೆಟ್ಟೀತೆಂದು ತಪ್ಪಿತಸ್ಥನನ್ನು ಸದ್ದಿಲ್ಲದೆ ಬೇರೆ ಊರಿಗೆ ಕಳುಹಿಸಿಬಿಡುವದು ಮಾತ್ರ ಆ ಎರಡನೆಯ ಊರಿನ ಮಕ್ಕಳಿಗೆ ಮಾಡಿದ ದ್ರೋಹವು.

ಈ ಲೋಕಶಿಕ್ಷಣಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಕೂಡುವ ಸ್ಥಳಗಳು ಊರಿನಲ್ಲಿ ಆಗಲೇ ಇವೆ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯು ನಡೆಯತಕ್ಕದ್ದೆಂದು ಸರಕಾರದ ಆಜ್ಞೆಯುಂಟು. ಅದು ಭಾಷಣ, ಹಾರ, ಛಾಯಾಚಿತ್ರಗಳಲ್ಲಿ ಮುಗಿಯದೆ ಮಕ್ಕಳೇ ಮಾತಾಡುವ ಸಭೆಯಾಗಬೇಕು. ಯಾವ ದಾರಿಯಲ್ಲಿ ದೀಪವಿಲ್ಲ, ಯಾವ ಶೌಚಗೃಹಕ್ಕೆ ಅಗುಳಿಯಿಲ್ಲ, ಯಾರ ಅಂಗಡಿಯ ಮುಂದೆ ಹಾಯುವದಕ್ಕೆ ಹುಡುಗಿಯರು ಅಂಜುವರು ಎಂಬುದನ್ನು ಅಂಜದೆ ಹೇಳುವ ಏರ್ಪಾಡು ಅಲ್ಲಿರಬೇಕು. ಶಾಲಾ ಸಮಿತಿಯ ಸಭೆ, ಸ್ತ್ರೀಶಕ್ತಿ ಸಂಘದ ವಾರದ ಕೂಟ, ಭಜನಾ ಮಂಡಳಿ, ಸಹಕಾರಿ ಸಂಘದ ಕಟ್ಟೆ, ಜಾತ್ರೆಯ ಪೆಂಡಾಲು, ಇವೆಲ್ಲವೂ ಪಾಠಶಾಲೆಗಳಾಗಬಲ್ಲವು. ತಾಯಂದಿರಿಗೆ ಹೇಳಿ ತಂದೆಯರನ್ನು ಬಿಟ್ಟರೆ ಅರ್ಧ ಊರು ಅಶಿಕ್ಷಿತವಾಗಿಯೇ ಉಳಿಯುವದು. ಪಾರದ ಕಟ್ಟೆಯ ಮೇಲೆ ಕುಳಿತ ಗಂಡಸರಿಗೆ ಈ ಪಾಠದ ಅವಶ್ಯಕತೆಯು ಹೆಚ್ಚೇ ಹೊರತು ಕಡಿಮೆಯಲ್ಲ.

ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯು ಲೈಂಗಿಕ ಶೋಷಣೆಯಿಂದ ಮಗುವಿಗೆ ರಕ್ಷಣೆಯನ್ನು ಅದರ ಹಕ್ಕೆಂದು ಸಾರಿದೆ. ಆ ಒಡಂಬಡಿಕೆಗೆ ರುಜು ಹಾಕಿದ್ದು ದೊಡ್ಡ ರಾಷ್ಟ್ರಗಳ ಸಭೆಯಲ್ಲಿ. ಅದು ನಡೆಯಬೇಕಾದದ್ದು ಕಬ್ಬೂರು, ಕೊಕಟನೂರುಗಳಂಥ ಊರುಗಳ ಪಡಸಾಲೆಯಲ್ಲಿ. ಶತಮಾನಗಳ ಬೇರುಬಿಟ್ಟಿದ್ದ ಪದ್ಧತಿಯನ್ನು, ಅಕ್ಷರವೂ ಆಸ್ತಿಯೂ ಇಲ್ಲದ ಹೆಂಗಸರು ಬಾಗಿಲಿಂದ ಬಾಗಿಲಿಗೆ ನಡೆದು, ಬರಿ ಮಾತಿನಿಂದ ಅಲ್ಲಾಡಿಸಿದ ಸೀಮೆಯಿದು. ಓದು ಬರಹ ಬಲ್ಲವರು, ಮನೆ ಹೊಲ ಉಳ್ಳವರು, ಸಾಲೆ ಸಂಸ್ಥೆಗಳನ್ನು ನಡೆಯಿಸುವವರು ಆ ಮಾತಿನ ಅರ್ಧದಷ್ಟು ಮಾತನ್ನಾದರೂ ತಮ್ಮ ತಮ್ಮ ಮನೆಗಳಲ್ಲಿ ಆಡಿದರೆ, ಮಗುವೊಂದು ಸಂಜೆ ಮನೆಗೆ ಬಂದು ‘ಅವ್ವಾ, ಒಂದು ಮಾತು ಹೇಳಬೇಕು’ ಎಂದಾಗ ಕೈಯೊಳಗಿನ ಕೆಲಸವನ್ನು ಕೆಳಗಿಟ್ಟು ಕೇಳುವವರು ಪ್ರತಿಯೊಂದು ಮನೆಯಲ್ಲಿಯೂ ದೊರೆಯುವರು.